ಬಿಸಿಲಿಗೆ ಮುನ್ನ, ಚಳಿಗೆ ಮುನ್ನ

ಶಿವರಾತ್ರಿ ಕಳೆದರೆ ಚಳಿಯು ಶಿವ ಶಿವ ಎಂದು ಓಡಿಹೋಗುವುದೆಂದು ನಮ್ಮ ಹಿರಿಯರು ಹೇಳುವುದುಂಟು. ಮೈಸೂರಿನಲ್ಲಿ ಅದು ಹೇಗೋ ಏನೋ, ಕಲಬುರಗಿ, ರಾಯಚೂರು, ಬಳ್ಳಾರಿಗಳ ಕಡೆಯಲ್ಲಂತೂ ಅಕ್ಷರಶಃ ನಿಜ. ಆ ಹಬ್ಬ ಮುಗಿದ ವಾರದಲ್ಲಿಯೇ ಹೊಸ ಗಡಿಗೆಗಳು ಪೇಟೆಯ ಬೀದಿಗೆ ಬಂದು ಕುಳಿತುಕೊಳ್ಳುತ್ತವೆ. ಮರದ ನೆರಳುಗಳಲ್ಲಿ ಅರವಟ್ಟಿಗೆಗಳು ಏಳುತ್ತವೆ. ಕಳೆದ ವರ್ಷದ ಗಡಿಗೆಯು ಬಿರುಕಿಲ್ಲದೆ ಗಟ್ಟಿಮುಟ್ಟಾಗಿಯೇ ಇದ್ದರೂ ಮನೆಯಾಕೆ ಹೊಸದೊಂದನ್ನು ಕೊಳ್ಳುತ್ತಾಳೆ. “ಹಳೀ ಗಡಿಗ್ಯಾಗ ನೀರು ತಣ್ಣಗಾಗೂದಿಲ್ರಿ” ಎಂಬುದು ಆಕೆಯ ವಾದ. ಇದನ್ನು ಬರಿಯ ರೂಢಿಯೆಂದು ತಳ್ಳಿಹಾಕುವವರು ಭೌತವಿಜ್ಞಾನದ ಒಂದು ಸೊಗಸಾದ ಪಾಠವನ್ನು ಕಳೆದುಕೊಂಡಾರು.

ಮಣ್ಣಿನ ಗಡಿಗೆಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅಸಂಖ್ಯ ರಂಧ್ರಗಳಿವೆ. ಅವುಗಳ ಮೂಲಕ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ನೀರಿನ ಅಣುಗಳೆಲ್ಲವೂ ಒಂದೇ ವೇಗದಿಂದ ಚಲಿಸುತ್ತಿರುವುದಿಲ್ಲ. ಅವುಗಳಲ್ಲಿ ಹೆಚ್ಚು ಚುರುಕಾದವು ಮಾತ್ರ ನೆರೆಯ ಅಣುಗಳ ಸೆಳೆತವನ್ನು ಹರಿದುಕೊಂಡು ಗಾಳಿಗೆ ಹಾರುತ್ತವೆ. ಚುರುಕಾದವು ಹೊರಟುಹೋದ ಮೇಲೆ ಉಳಿದವುಗಳ ಸರಾಸರಿ ಶಕ್ತಿ ಕುಗ್ಗುತ್ತದೆ. ಎಂದರೆ ಉಳಿದ ನೀರು ತಣ್ಣಗಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರುವ ಒಂದು ಕಿಲೋಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 2430 ಕಿಲೋಜೌಲುಗಳಷ್ಟು ಉಷ್ಣವನ್ನು ಹೀರಿಕೊಳ್ಳಬೇಕು. ಇದೇ ಗುಪ್ತೋಷ್ಣ. ಅಷ್ಟೇ ನೀರನ್ನು ಸೊನ್ನೆ ಡಿಗ್ರಿಯಿಂದ 100 ಡಿಗ್ರಿಯವರೆಗೆ ಕಾಯಿಸಲು 420 ಕಿಲೋಜೌಲುಗಳು ಸಾಕೆಂಬುದನ್ನು ನೆನೆದರೆ ಈ ಸಂಖ್ಯೆಯ ಹಿರಿಮೆ ತಿಳಿಯುತ್ತದೆ.

ಆವಿಯಾಗಿ ಹೋಗುವುದು ಶುದ್ಧವಾದ ನೀರು ಮಾತ್ರ. ಅದರಲ್ಲಿ ಕರಗಿದ್ದ ಸುಣ್ಣ ಮೊದಲಾದ ಲವಣಗಳು ರಂಧ್ರಗಳಲ್ಲಿಯೇ ಉಳಿದುಬಿಡುತ್ತವೆ. ಒಂದು ಬೇಸಗೆ ಕಳೆಯುವಷ್ಟರಲ್ಲಿ ಗಡಿಗೆಯ ಮೈಮೇಲೆ ಬಿಳಿಯ ಪೊರೆ ಕಟ್ಟಿ ರಂಧ್ರಗಳು ಮುಚ್ಚಿಹೋಗಿರುತ್ತವೆ. ಜಿನುಗುವುದು ನಿಂತರೆ ತಂಪೂ ನಿಂತಂತೆಯೇ. ಮನೆಯಾಕೆಯ ವಾದ ಸರಿಯಾದುದು.

ಈಗ ಉತ್ತರ ಕರ್ನಾಟಕದ ಮನೆಮನೆಯಲ್ಲಿಯೂ ಕಾಣುವ ಕೂಲರು ಎಂಬ ಯಂತ್ರಕ್ಕೆ ಬರೋಣ. ಇದು ಗಡಿಗೆಗೆ ಫ್ಯಾನು ಕಟ್ಟಿದಂತೆಯೇ ಸರಿ. ಕೆಳಗೆ ನೀರಿನ ತೊಟ್ಟಿ. ತೊಟ್ಟಿಯೊಳಗೆ ಮುಳುಗಿರುವ ಪುಟ್ಟ ಪಂಪು. ಅದು ಮೇಲೆತ್ತಿದ ನೀರು ಸುತ್ತಲಿನ ಪಡಿಗಳ ಮೇಲಿನಿಂದ ಇಳಿಯುತ್ತದೆ. ಪಡಿಗಳಲ್ಲಿ ತೆಳ್ಳಗೆ ಹೆರೆದ ಮರದ ಎಳೆಗಳನ್ನೋ, ಜೇನುಗೂಡಿನ ಆಕಾರಕ್ಕೆ ಅಂಟಿಸಿದ ದಪ್ಪ ಕಾಗದವನ್ನೋ ತುಂಬಿರುತ್ತಾರೆ. ಫ್ಯಾನು ಹೊರಗಿನ ಒಣಗಾಳಿಯನ್ನು ಈ ಒದ್ದೆ ಪಡಿಗಳ ಮೂಲಕ ಸೆಳೆದು ಕೋಣೆಗೆ ನೂಕುತ್ತದೆ. ಹಿಂದಿನ ಕಾಲದಲ್ಲಿ ಬಾಗಿಲಿಗೆ ಲಾವಂಚದ ತಟ್ಟಿಯನ್ನು ಕಟ್ಟಿ ಅದಕ್ಕೆ ನೀರು ಚಿಮುಕಿಸುತ್ತಿದ್ದರಷ್ಟೆ. ತತ್ತ್ವ ಅದೇ, ಬೀಸುವ ಗಾಳಿಗಾಗಿ ಕಾಯುವ ಕಷ್ಟವೊಂದು ತಪ್ಪಿದೆ, ಲಾವಂಚದ ಪರಿಮಳವೂ ತಪ್ಪಿದೆ.

ಕೂಲರು ಎಷ್ಟು ತಂಪು ಮಾಡಬಲ್ಲುದು? ಇದನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಅಳೆಯಬಹುದು. ಎರಡು ಉಷ್ಣತಾಮಾಪಕಗಳನ್ನು ತೆಗೆದುಕೊಂಡು ಒಂದರ ಬಲ್ಬಿಗೆ ಒದ್ದೆಯಾದ ತೆಳು ಅರಿವೆಯನ್ನು ಸುತ್ತಿ, ಎರಡನ್ನೂ ನೆರಳಿನಲ್ಲಿ ಫ್ಯಾನಿನ ಗಾಳಿಗೆ ಹಿಡಿಯಬೇಕು. ಒಣ ಬಲ್ಬು ಗಾಳಿಯ ಉಷ್ಣತೆಯನ್ನು ತೋರಿಸುತ್ತದೆ. ಒದ್ದೆ ಬಲ್ಬಿನದು ಅದಕ್ಕಿಂತ ಕೆಳಗಿಳಿದು ಒಂದೆಡೆ ನಿಲ್ಲುತ್ತದೆ. ನೀರು ಆವಿಯಾಗುವುದರಿಂದ ಗಾಳಿಯು ಇಳಿಯಬಹುದಾದ ಕೊನೆಯ ಮೆಟ್ಟಿಲು ಅದು. ಎಂಥ ಉತ್ತಮವಾದ ಕೂಲರೂ ಈ ಮೆಟ್ಟಿಲಿನಿಂದ ಕೆಳಗೆ ಇಳಿಯಲಾರದು.

ಏಪ್ರಿಲಿನ ಮಧ್ಯಾಹ್ನ ಕಲಬುರಗಿಯಲ್ಲಿ ಉಷ್ಣತೆ 40 ಡಿಗ್ರಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ 20 ಎಂದಿಟ್ಟುಕೊಳ್ಳೋಣ. ಆಗ ಒದ್ದೆ ಬಲ್ಬು ಸುಮಾರು 22.5 ಡಿಗ್ರಿಯನ್ನು ತೋರಿಸುತ್ತದೆ. ಇಳಿಯಲು ಹದಿನೇಳೂವರೆ ಡಿಗ್ರಿಗಳಷ್ಟು ಅವಕಾಶವಿದೆಯೆಂದಾಯಿತು. ಅದೇ ಮಂಗಳೂರಿನಲ್ಲಿ ಉಷ್ಣತೆ 33 ಡಿಗ್ರಿಯಿದ್ದು ಆರ್ದ್ರತೆ ನೂರಕ್ಕೆ 70 ಇದ್ದರೆ ಒದ್ದೆ ಬಲ್ಬು 28 ಡಿಗ್ರಿಗಿಂತ ಕೆಳಗಿಳಿಯದು. ಅಲ್ಲಿ ಕೂಲರನ್ನು ಕೊಂಡವರು ಮೂರು ನಾಲ್ಕು ಡಿಗ್ರಿಗಳ ತಂಪಿನ ಜೊತೆಗೆ ಮೈಗೆ ಅಂಟುವ ಸೆಕೆಯನ್ನೂ ಕೊಂಡಂತಾಗುತ್ತದೆ. ಇದು ಯಂತ್ರದ ದೋಷವಲ್ಲ, ಗಾಳಿಯ ಗುಣ.

ಪಡಿಗಳು ಹೊಸದಾಗಿ ಚೆನ್ನಾಗಿ ನೆನೆಯುತ್ತಿದ್ದರೆ 40 ಡಿಗ್ರಿಯ ಗಾಳಿ 27 ಡಿಗ್ರಿಯಾಗಿ ಹೊರಬರುತ್ತದೆನ್ನೋಣ. ಹದಿನೇಳೂವರೆಯಲ್ಲಿ ಹದಿಮೂರು ಡಿಗ್ರಿ ಇಳಿಯಿತು. ಕೂಲರಿನ ದಕ್ಷತೆ ನೂರಕ್ಕೆ 74. ಪಡಿಗಳು ಲವಣ ಹಿಡಿದು, ಅಲ್ಲಲ್ಲಿ ಒಣಗಿ, ಮಧ್ಯೆ ಕುಸಿದು ಕಿಂಡಿಬಿದ್ದಿದ್ದರೆ ಗಾಳಿ 33 ಡಿಗ್ರಿಯಲ್ಲಿಯೇ ಹೊರಬರುತ್ತದೆ. ದಕ್ಷತೆ ನೂರಕ್ಕೆ 40. ಒದ್ದೆಯಾಗದ ಕಿಂಡಿಯ ಮೂಲಕ ನುಗ್ಗುವ ಗಾಳಿ ಬಿಸಿಗಾಳಿಯಾಗಿಯೇ ಒಳಗೆ ಬಂದು, ಉಳಿದೆಡೆಯಿಂದ ಬಂದ ತಂಪನ್ನೂ ಕೆಡಿಸುತ್ತದೆ. ಹೊಸ ಕೂಲರು ಕೊಳ್ಳಬೇಕೆಂದು ಅಂಗಡಿಗೆ ಹೊರಟವರು ಮೊದಲು ಈ ಅಳತೆಯನ್ನು ಮಾಡಿನೋಡಿ, ಪಡಿಯ ಹುಲ್ಲನ್ನು ಬದಲಿಸಿದರೆ ಬಹುಮಟ್ಟಿಗೆ ಕೆಲಸ ಪೂರೈಸುತ್ತದೆ. ಕಾಗದದ ಪಡಿಯಾದರೆ ಗಡಸು ಬ್ರಷ್ಷಿನಿಂದ ಉಜ್ಜಬಾರದು. ಮೇಲಿನಿಂದ ನೀರು ಬಿಟ್ಟು ತೊಳೆಯಬೇಕು.

ಲವಣದ ಲೆಕ್ಕವನ್ನು ನಾವು ಒಮ್ಮೆ ತರಗತಿಯಲ್ಲಿ ಮಾಡಿಸಿದಾಗ ವಿದ್ಯಾರ್ಥಿಗಳು ನಂಬಲಿಲ್ಲ. ಗಂಟೆಗೆ 1500 ಘನ ಮೀಟರು ಗಾಳಿಯನ್ನು ನೂಕುವ ಸಾಧಾರಣ ಕೂಲರನ್ನು ತೆಗೆದುಕೊಳ್ಳೋಣ. ಆ ಗಾಳಿಯ ತೂಕ ಸುಮಾರು 1650 ಕಿಲೋಗ್ರಾಂ. ಒಂದು ಕಿಲೋಗ್ರಾಂ ಗಾಳಿಯನ್ನು ಒಂದು ಡಿಗ್ರಿ ತಂಪು ಮಾಡಲು ಅದರಿಂದ ಒಂದು ಕಿಲೋಜೌಲಿನಷ್ಟು ಉಷ್ಣವನ್ನು ತೆಗೆಯಬೇಕು. ಹದಿಮೂರು ಡಿಗ್ರಿ ಇಳಿಸಲು ಗಂಟೆಗೆ 21,450 ಕಿಲೋಜೌಲುಗಳು. ಇದನ್ನು 2430ರಿಂದ ಭಾಗಿಸಿದರೆ ಸುಮಾರು 9 ಲೀಟರು ನೀರು ಗಂಟೆಯೊಂದರಲ್ಲಿ ಆವಿಯಾಗಬೇಕೆಂದು ಬರುತ್ತದೆ. ದಿನಕ್ಕೆ ಎಂಟು ಗಂಟೆ ಓಡಿಸಿದರೆ 72 ಲೀಟರು. ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ ಅರ್ಧ ಗ್ರಾಂ ಲವಣವಿದ್ದರೂ (ಕುಡಿಯುವ ನೀರಿಗೆ ಭಾರತೀಯ ಮಾನಕವು ಒಪ್ಪುವ ಮಿತಿಯೇ ಅಷ್ಟು) ದಿನಕ್ಕೆ 36 ಗ್ರಾಂ ಲವಣ ಹಿಂದುಳಿಯುತ್ತದೆ. ತೊಂಬತ್ತು ದಿನಗಳ ಬೇಸಗೆಗೆ ಮೂರು ಕಿಲೋಗ್ರಾಂಗೂ ಮಿಗಿಲು! ಅಡುಗೆಮನೆಯ ಉಪ್ಪಿನ ಮೂರು ಪೊಟ್ಟಣಗಳಷ್ಟು ಪುಡಿಯನ್ನು ಪಡಿಗಳಲ್ಲಿ, ತೊಟ್ಟಿಯಲ್ಲಿ, ಪಂಪಿನ ಬಾಯಿಯಲ್ಲಿ ಹಂಚಿಟ್ಟಂತಾಯಿತು.

ತೊಟ್ಟಿಯ ನೀರನ್ನು ಖಾಲಿ ಮಾಡದೆ ಮೇಲಿಂದ ಮೇಲೆ ತುಂಬಿಸುತ್ತಲೇ ಹೋಗುವವರು ಈ ಲವಣವನ್ನು ಕೂಡಿಹಾಕುತ್ತಲೇ ಹೋಗುತ್ತಾರೆ. ಆದುದರಿಂದ ವಾರಕ್ಕೊಮ್ಮೆಯಾದರೂ ತಳದ ಬಿರಡೆಯನ್ನು ತೆಗೆದು ನೀರನ್ನು ಪೂರ್ತಿಯಾಗಿ ಹೊರಬಿಡಬೇಕು. ನೀರಿನ ಬವಣೆಯ ಊರಿನಲ್ಲಿ ಇದು ದುಂದುವೆಚ್ಚವೆಂದು ತೋರಬಹುದು. ಆ ನೀರನ್ನು ಅಂಗಳ ತೊಳೆಯಲು, ಪಾಯಖಾನೆಗೆ ಬಳಸಿದರೆ ಒಂದು ತೊಟ್ಟೂ ವ್ಯರ್ಥವಾಗದು. ಕಟ್ಟಿಕೊಂಡಿರುವ ಸುಣ್ಣವನ್ನು ಬಿಡಿಸಲು ಹುಣಸೆಯ ಹುಳಿ ಸಾಕು. ಹಾಕಿದೊಡನೆ ಏಳುವ ಗುಳ್ಳೆಗಳು ಇಂಗಾಲದ ಡೈ ಆಕ್ಸೈಡಿನವು.

ಕೂಲರಿಗೆ ಬರ್ಫದ ಗಡ್ಡೆಗಳನ್ನು ಹಾಕುವವರೂ ಉಂಟು. ಒಂದು ಕಿಲೋಗ್ರಾಂ ಬರ್ಫ ಕರಗುವಾಗ ಹೀರುವುದು 334 ಕಿಲೋಜೌಲು ಮಾತ್ರ. ಅಷ್ಟೇ ನೀರು ಆವಿಯಾಗುವಾಗ ಹೀರುವ ಉಷ್ಣದ ಏಳನೆಯ ಒಂದು ಭಾಗ. ಹಾಗೆಯೇ ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿಕೊಂಡು ಕೂಲರು ಹಾಕಿಕೊಳ್ಳುವ ಅಭ್ಯಾಸವೂ ತಪ್ಪು. ಒಳಗೆ ಬಂದ ತೇವದ ಗಾಳಿಗೆ ಹೊರಟುಹೋಗಲು ದಾರಿ ಇಲ್ಲದಿದ್ದರೆ ಕೋಣೆಯ ಆರ್ದ್ರತೆ ಏರಿ ಬೆವರು ಆರುವುದಿಲ್ಲ. ನಮ್ಮ ದೇಹವೂ ಒಂದು ಜಿನುಗುವ ಗಡಿಗೆಯೇ ಅಲ್ಲವೆ! ಎದುರು ಗೋಡೆಯ ಕಿಟಕಿಯೊಂದು ತೆರೆದಿರಲೇಬೇಕು.

ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಬೇಕೆಂಬುದಕ್ಕೆ ಲವಣಕ್ಕಿಂತ ಗುರುತರವಾದ ಕಾರಣವೊಂದಿದೆ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕು ನೀರನ್ನು ಬಯಸುವುದಿಲ್ಲ. ಮನೆಯ ಒಳಗೂ ಹೊರಗೂ ನಿಂತಿರುವ ತಿಳಿನೀರೇ ಅದಕ್ಕೆ ಬೇಕು. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯು ರೆಕ್ಕೆ ಬಲಿತ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನಗಳು ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಮರಿಗಳು ಸೊಳ್ಳೆಯಾಗುವ ಮೊದಲೇ ನಾಶವಾಗುತ್ತವೆ. ಆದರೆ ಮೊಟ್ಟೆಗಳು ನೀರಿನೊಳಗಿರದೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ತೊಟ್ಟಿಯ ಗೋಡೆಗೆ ಅಂಟಿರುತ್ತವೆ; ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ, ಮತ್ತೆ ನೀರು ತಾಗಿದೊಡನೆ ಒಡೆಯಬಲ್ಲವು. ಆದ ಕಾರಣ ಚೆಲ್ಲುವುದಷ್ಟೇ ಸಾಲದು, ಗೋಡೆಯನ್ನು ಬ್ರಷ್ಷಿನಿಂದ ತಿಕ್ಕಬೇಕು. ಮೃಗಶಿರ ಮಳೆ ಹಿಡಿದು ಕೂಲರನ್ನು ಮೂಲೆಗೆ ಸರಿಸುವಾಗ ಈ ತಿಕ್ಕುವ ಕೆಲಸವನ್ನು ಬಹುಮಂದಿ ಮರೆಯುತ್ತಾರೆ. ಹೊರಗೆ ಬಿಟ್ಟ ಬರಿಯ ತೊಟ್ಟಿಯಲ್ಲಿ ಮಳೆನೀರು ನಿಂತರೆ ಡೆಂಗಿಯ ಕಾಲಕ್ಕೆ ಸರಿಯಾಗಿ ಸೊಳ್ಳೆಯ ತೊಟ್ಟಿಲು ಸಿದ್ಧವಾದಂತೆಯೇ. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಗೊಡುವ ಮನೆಯವರಿಗೆ ದಂಡವನ್ನೂ ವಿಧಿಸಿತೆಂಬುದನ್ನು ಇಲ್ಲಿ ನೆನೆಯಬಹುದು.

ಇನ್ನೊಂದು ಅಪಾಯವನ್ನು ನಾವು ಪುಸ್ತಕದಿಂದ ಕಲಿತುದಲ್ಲ. ಕಲಬುರಗಿಯ ಕಾಲೇಜಿಗೆ ಅಧ್ಯಾಪಕರಾಗಿ ಬಂದ ಮೊದಲ ಬೇಸಗೆಯಲ್ಲಿ ತಗಡಿನ ಮೈಯುಳ್ಳ ಹಳೆಯ ಕೂಲರೊಂದನ್ನು ಕೊಂಡಿದ್ದೆವು. ಎರಡನೆಯ ವರ್ಷ ಮಾರ್ಚಿನಲ್ಲಿ ಅದನ್ನು ಅಟ್ಟದ ಕೋಣೆಯಿಂದ ಇಳಿಸಿ, ನೀರು ತುಂಬಿ, ಒದ್ದೆಯ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಪಡಿಯನ್ನು ಸರಿಪಡಿಸಲು ಕೈಯಿಟ್ಟೆವು. ಮೊಳಕೈಯವರೆಗೆ ಜುಮ್ಮೆಂದಿತು. ಕೈ ತಾನಾಗಿಯೇ ಹಿಂದೆ ಸರಿದುದು ನಮ್ಮ ಪುಣ್ಯ. ಬಿಚ್ಚಿನೋಡಿದಾಗ ಪಂಪಿನ ತಂತಿಯ ಹೊದಿಕೆಯನ್ನು ಇಲಿ ಕಡಿದಿತ್ತು. ಅಷ್ಟೇ ಆಗಿದ್ದರೆ ಭಯವಿರಲಿಲ್ಲ. ಗೋಡೆಯ ಸಾಕೆಟ್ಟಿಗೆ ಹೊಂದಲಿಲ್ಲವೆಂದು ಯಾರೋ ಮೂರು ಕಡ್ಡಿಯ ಪ್ಲಗ್ಗನ್ನು ತೆಗೆದು ಎರಡು ಕಡ್ಡಿಯದನ್ನು ಹಾಕಿ, ಭೂತಂತಿಯನ್ನು ಮಡಚಿ ಟೇಪು ಸುತ್ತಿದ್ದರು. ಮಾರಿದಾತನನ್ನು ಕೇಳಿದೆವು. “ಮೂರು ವರ್ಷದಿಂದ ಹಿಂಗೇ ನಡದದ್ರಿ ಸರ, ಏನೂ ಆಗಿಲ್ಲ” ಎಂದ. ಆತನ ಮಾತು ಸುಳ್ಳಾಗಿರಲಿಲ್ಲ. ಇಲಿ ಕಡಿಯುವವರೆಗೆ ಏನೂ ಆಗಿರಲಿಲ್ಲ.

ಒಣಗಿದ ಚರ್ಮವು ವಿದ್ಯುತ್ತಿಗೆ ಸಾಕಷ್ಟು ಪ್ರತಿರೋಧ ಒಡ್ಡುತ್ತದೆ. ಬೆವರಿನಿಂದಲೋ ನೀರಿನಿಂದಲೋ ನೆನೆದರೆ ಕೈಯಿಂದ ಕಾಲಿನವರೆಗಿನ ಪ್ರತಿರೋಧವು ಒಂದು ಸಾವಿರ ಓಮುಗಳ ಆಸುಪಾಸಿಗೆ ಇಳಿಯಬಹುದು. 230 ವೋಲ್ಟಿನಲ್ಲಿ ಆಗ ಹರಿಯುವುದು 0.23 ಆಂಪಿಯರು. ಹೃದಯದ ಬಡಿತದ ಲಯವನ್ನು ಕೆಡಿಸಲು ಇದರ ಅರ್ಧವೂ ಬೇಕಿಲ್ಲ. ಮನೆಯಲ್ಲಿ ಎಂಸಿಬಿ ಇದೆಯಲ್ಲ ಎಂದು ಧೈರ್ಯ ತಾಳುವವರು ಒಂದು ಸಂಗತಿಯನ್ನು ಗಮನಿಸಬೇಕು. ಅದು ತಂತಿಗಳನ್ನು ಕಾಯುವ ಸಾಧನ. 10 ಅಥವಾ 16 ಆಂಪಿಯರು ಮೀರಿದರೆ ಮಾತ್ರ ಅದಕ್ಕೆ ಎಚ್ಚರ. ಮನುಷ್ಯನ ಮೂಲಕ ಕಾಲು ಆಂಪಿಯರು ಹರಿದರೆ ಅದರ ಪಾಲಿಗೆ ಸಣ್ಣ ದೀಪವೊಂದು ಹೊತ್ತಿಕೊಂಡಂತೆ, ಅಷ್ಟೆ.

ಭೂತಂತಿಯಿದ್ದಲ್ಲಿ ಸೋರಿದ ವಿದ್ಯುತ್ತು ತಗಡಿನ ಮೈಯಿಂದ ನೇರವಾಗಿ ನೆಲಕ್ಕೆ ಹೋಗುತ್ತದೆ. ಪ್ರವಾಹ ಹೆಚ್ಚಾಗಿ ಎಂಸಿಬಿ ಬೀಳುತ್ತದೆ. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಭೂಕಡ್ಡಿಯು ಉಳಿದೆರಡಕ್ಕಿಂತ ಉದ್ದವಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ಚುಚ್ಚುವಾಗ ಅದು ಎಲ್ಲಕ್ಕೂ ಮೊದಲು ತಾಗಲಿ, ಕೀಳುವಾಗ ಎಲ್ಲಕ್ಕೂ ಕೊನೆಗೆ ಬಿಡಲಿ ಎಂಬ ಉದ್ದೇಶದಿಂದ ಹಾಗೆ ಮಾಡಿರುತ್ತಾರೆ. ಇದರ ಜೊತೆಗೆ ಆರ್‌ಸಿಸಿಬಿ ಎಂಬ ಸಾಧನವನ್ನು ಹಾಕಿಸುವುದು ಒಳ್ಳೆಯದು. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ ಸಾವಿರದ ಮೂವತ್ತು ಭಾಗ ಆಂಪಿಯರಿನ ಅಂತರ ಬಿದ್ದರೆ ಕ್ಷಣದೊಳಗೆ ಅದು ಸಂಪರ್ಕವನ್ನು ಕಡಿಯುತ್ತದೆ. ಕೂಲರಿಗೆ ನೀರು ತುಂಬುವಾಗ ಪ್ಲಗ್ಗನ್ನೇ ಕೀಳಬೇಕು. ಸ್ವಿಚ್ಚನ್ನು ಆರಿಸಿದರೆ ಸಾಲದು. ತಂತಿಗಳನ್ನು ಅದಲುಬದಲಾಗಿ ಜೋಡಿಸಿದ್ದರೆ ಸ್ವಿಚ್ಚು ಆರಿದ್ದಾಗಲೂ ಒಳಗಿನ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ.

ಹವಾನಿಯಂತ್ರಕ ಅಥವಾ ಏಸಿಯ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಅದರ ಧೂಳುಜಾಲರಿಯನ್ನು ಬೇಸಗೆಯಲ್ಲಿ ಹದಿನೈದು ದಿನಗಳಿಗೊಮ್ಮೆ ತೊಳೆದು ಒಣಗಿಸಿ ಹಾಕುವುದು ಮನೆಯವರೇ ಮಾಡಬಹುದಾದ ಕೆಲಸ. ಜಾಲರಿ ಕಟ್ಟಿಕೊಂಡರೆ ತಂಪು ಸುರುಳಿಯ ಮೇಲೆ ಹಾಯುವ ಗಾಳಿ ಕಡಿಮೆಯಾಗಿ, ಸುರುಳಿಯ ಉಷ್ಣತೆ ಸೊನ್ನೆಗಿಂತಲೂ ಕೆಳಗಿಳಿದು ಅದರ ಮೇಲೆ ಹಿಮಗಟ್ಟುತ್ತದೆ. ಹಿಮವು ಉಷ್ಣದ ಕೆಟ್ಟ ವಾಹಕ. ಆದುದರಿಂದ ಯಂತ್ರ ದುಡಿದಷ್ಟೂ ಕೋಣೆ ತಣ್ಣಗಾಗುವುದಿಲ್ಲ. ಪ್ರತಿ ಬೇಸಗೆಗೂ “ಗ್ಯಾಸು ತುಂಬಿಸಬೇಕು” ಎಂದು ಹೇಳುವ ರಿಪೇರಿಯವನ ಮಾತನ್ನು ಮಾತ್ರ ವಿಚಾರಿಸದೆ ಒಪ್ಪಬಾರದು. ಅದು ಮುಚ್ಚಿದ ಕೊಳವೆಯಲ್ಲಿ ಸುತ್ತುವ ದ್ರವ; ವಾಹನದ ಪೆಟ್ರೋಲಿನಂತೆ ಖರ್ಚಾಗುವಂಥದಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿಕೆಯಿದೆ. ಸೋರಿಕೆಯನ್ನು ಹುಡುಕಿ ಮುಚ್ಚದೆ ತುಂಬಿಸುವುದು ತೂತುಬಿದ್ದ ಕೊಡಕ್ಕೆ ನೀರೆರೆದಂತೆ.

ಇನ್ನು ಚಳಿಗಾಲ. ಕರ್ನಾಟಕದಲ್ಲಿ ಮನೆಯನ್ನು ಬೆಚ್ಚಗಿಡುವ ಯಂತ್ರಗಳ ಅಗತ್ಯ ಅಷ್ಟಾಗಿ ಇಲ್ಲ. ಬೇಕಾಗುವುದು ಸ್ನಾನಕ್ಕೆ ಬಿಸಿನೀರು. ವಿದ್ಯುತ್ ಗೀಸರಿನಲ್ಲಿಯೂ ಸುಣ್ಣದ ಪೊರೆಯ ಕಥೆಯೇ ಪುನರಾವರ್ತಿಸುತ್ತದೆ: ಕಾಯುವ ಸಲಾಕೆಯ ಮೇಲೆ ಪೊರೆ ದಪ್ಪವಾದಂತೆಲ್ಲ ಉಷ್ಣವು ನೀರಿಗೆ ದಾಟಲಾರದೆ ಸಲಾಕೆಯೇ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಗಡಸು ನೀರಿನ ಊರುಗಳಲ್ಲಿ ದೀಪಾವಳಿಗೆ ಮುನ್ನ ಅದನ್ನು ಬಿಚ್ಚಿಸಿ ಪೊರೆ ತೆಗೆಸುವುದು ಲೇಸು.

ಗ್ಯಾಸು ಗೀಸರಿನ ಮಾತು ಬೇರೆ. ಸ್ನಾನದ ಮನೆಗೆ ಹೋದವರು ಅಲ್ಲಿಯೇ ಕುಸಿದು ಸತ್ತರೆಂಬ ಸುದ್ದಿಯನ್ನು ಚಳಿಗಾಲದ ಪತ್ರಿಕೆಗಳಲ್ಲಿ ಓದುತ್ತಿರುತ್ತೇವೆ. ಹಿಂದೆ ಬಚ್ಚಲುಮನೆಯಲ್ಲಿ ಹಂಡೆಯ ಒಲೆ ಉರಿಯುತ್ತಿದ್ದಾಗ ಇಷ್ಟು ಭಯವಿರಲಿಲ್ಲವೇಕೆ? ಸೌದೆಯ ಹೊಗೆ ಹೋಗಲೆಂದು ಸೂರಿನ ಬಳಿ ಗವಾಕ್ಷಿ ಇರುತ್ತಿತ್ತು. ಹೊಗೆ ಹೆಚ್ಚಾದರೆ ಕಣ್ಣುರಿದು ಜನ ತಾವಾಗಿಯೇ ಹೊರಗೆ ಓಡಿಬರುತ್ತಿದ್ದರು. ಈಗಿನ ಅನಿಲಕ್ಕೆ ಹೊಗೆಯಿಲ್ಲ. ಅದು ಸೋರಿದರೆ ತಿಳಿಯಲೆಂದು ದುರ್ವಾಸನೆಯ ದ್ರವ್ಯವೊಂದನ್ನು ಬೆರೆಸಿರುತ್ತಾರೆ ನಿಜ; ಆದರೆ ಅರೆಬರೆಯಾಗಿ ಉರಿದಾಗ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೊಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಒಲವಿನಿಂದ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಓಕರಿಕೆ, ಕಾಲಿನ ಸೋಲು. ಎದ್ದು ಬಾಗಿಲು ತೆಗೆಯಬೇಕೆನ್ನಿಸುವಾಗ ಕೈಗೆ ಬಲವಿರುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ ಆರು ಲೀಟರು ನೀರನ್ನು 25 ಡಿಗ್ರಿಯಷ್ಟು ಏರಿಸುವ ಗೀಸರು, ನಷ್ಟವನ್ನೂ ಸೇರಿಸಿ, ಗಂಟೆಗೆ ಸುಮಾರು ಒಂದು ಕಿಲೋಗ್ರಾಂ ಅನಿಲವನ್ನು ಉರಿಸುತ್ತದೆ. ಅಷ್ಟು ಅನಿಲ ಪೂರ್ತಿಯಾಗಿ ಉರಿಯಲು ಸುಮಾರು 13 ಘನ ಮೀಟರು ಗಾಳಿ ಬೇಕು. ಎರಡು ಮೀಟರು ಉದ್ದ, ಒಂದೂವರೆ ಮೀಟರು ಅಗಲ, 2.4 ಮೀಟರು ಎತ್ತರದ ಸ್ನಾನದ ಮನೆಯಲ್ಲಿ ಇರುವ ಗಾಳಿಯೇ 7.2 ಘನ ಮೀಟರು. ಬಾಗಿಲು ಕಿಟಕಿ ಮುಚ್ಚಿದ್ದರೆ ಹತ್ತು ನಿಮಿಷಗಳಲ್ಲಿ ಅಲ್ಲಿನ ಆಮ್ಲಜನಕದ ಹತ್ತರಲ್ಲಿ ಮೂರು ಪಾಲು ತೀರುತ್ತದೆ. ನೂರಕ್ಕೆ 21 ಇದ್ದುದು 15ರ ಸಮೀಪಕ್ಕೆ ಬರುತ್ತದೆ. ಅದಕ್ಕೂ ಎಷ್ಟೋ ಮೊದಲೇ ಉರಿಯು ಕೆಟ್ಟು ಮಾನಾಕ್ಸೈಡು ಹೊರಡತೊಡಗಿರುತ್ತದೆ. ಒಬ್ಬರು ಮಿಂದು ಬಂದೊಡನೆ ಮತ್ತೊಬ್ಬರು ಹೋಗುವ ಮನೆಗಳಲ್ಲಿ ಎರಡನೆಯವರಿಗೆ ಅಪಾಯ ಹೆಚ್ಚೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಗ್ಯಾಸು ಗೀಸರು ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಕಡೆಯಲ್ಲಿ ಇರಬೇಕು; ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಬೇಕು. ಚಳಿ ಶುರುವಾಗುವ ಮುನ್ನ ಬರ್ನರಿನ ಕಸವನ್ನೂ ಮಸಿಯನ್ನೂ ತೆಗೆಸಿ ಜ್ವಾಲೆಯ ಬಣ್ಣವನ್ನು ನೋಡಬೇಕು. ನೀಲಿಯಿದ್ದರೆ ಸರಿ; ಹಳದಿಯಾಗಿ ತುದಿಯಲ್ಲಿ ಮಸಿಯಾಡುತ್ತಿದ್ದರೆ ಗಾಳಿ ಸಾಲದೆಂದು ಅರ್ಥ, ಅಂದು ಅದನ್ನು ಉರಿಸಬಾರದು. ಬಾಡಿಗೆಯ ಮನೆಯಲ್ಲಿ ಗೀಸರು ಒಳಗಡೆಯೇ ಇದ್ದು, ಅದನ್ನು ಹೊರಗೆ ಹಾಕಿಸಲು ಮನೆಯೊಡೆಯರು ಒಪ್ಪುವವರೆಗೆ ಬಾಗಿಲನ್ನೂ ಕಿಟಕಿಯನ್ನೂ ತೆರೆದಿಟ್ಟು ನೀರನ್ನು ಬಕೆಟ್ಟುಗಳಿಗೆ ತುಂಬಿಕೊಳ್ಳಬೇಕು. ಗೀಸರನ್ನು ಆರಿಸಿ, ಒಳಗಿನ ಗಾಳಿ ಬದಲಾಗುವಷ್ಟು ಹೊತ್ತು ತಡೆದು, ಆಮೇಲೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳಬೇಕು.